ಮೂರು ವರ್ಷ ಬಳಸಿದ ರನ್ನಿಂಗ್ ವಾಚ್: ಬ್ಯಾಂಕ್ ಕೆಲಸ, ಮನೆ, ಮ್ಯಾರಥಾನ್ ತಯಾರಿ

ಈ ಜಿಪಿಎಸ್ ವಾಚ್ ತಗೊಂಡಿದ್ದು 2022ರ ದಸರಾ ಸಮಯದಲ್ಲಿ. 18 ಸಾವಿರದ ಹತ್ತಿರ ಕೊಟ್ಟೆ. ಟಚ್ ಸ್ಕ್ರೀನ್ ಇಲ್ಲ, ಐದು ಬಟನ್ ಅಷ್ಟೇ. ಹಾಡು ಹಾಕಿಕೊಳ್ಳುವುದಕ್ಕೂ ಆಗಲ್ಲ. ಹಲವು ಕಂಪನಿಗಳಲ್ಲಿ ಇಂಥದ್ದೊಂದು ಸಾದಾ ಮಾಡೆಲ್ ಇರುತ್ತದೆ, ಹಾಗಾಗಿ ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇಷ್ಟು ದಿನದಲ್ಲಿ ಮೂರು ಹಾಫ್ (21 ಕಿಲೋಮೀಟರ್) ಮತ್ತು ಒಂದು ಪೂರ್ತಿ ಮ್ಯಾರಥಾನ್ (42.2 ಕಿಲೋಮೀಟರ್) ಇದನ್ನು ಕಟ್ಟಿಕೊಂಡೇ ಓಡಿದ್ದೇನೆ.

ನಾನು ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಮನೆಯಲ್ಲಿ ಅತ್ತೆ, ನಮ್ಮನೆಯವರು, ಐದನೇ ಕ್ಲಾಸಿನ ಮಗಳು. ಬೆಳಿಗ್ಗೆ 7:40ಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಅಷ್ಟರೊಳಗೆ ಓಟ, ತಿಂಡಿ, ಡಬ್ಬಿ ಎಲ್ಲಾ ಮುಗಿದಿರಬೇಕು.

ಹಾಗಾಗಿ ನನಗೆ ಮೊದಲು ಉಪಯೋಗಕ್ಕೆ ಬಂದದ್ದು ಜಿಪಿಎಸ್ ಅಲ್ಲ, ಸದ್ದಿಲ್ಲದ ಅಲಾರಂ. 4:40ಕ್ಕೆ ಮಣಿಕಟ್ಟಿನ ಮೇಲೆ ಮೂರು ಸಲ ನಡುಗುತ್ತದೆ. ಪಕ್ಕದಲ್ಲಿ ಮಲಗಿರುವ ಮಗಳು ಹೊರಳುವುದೂ ಇಲ್ಲ. ಮೊದಲು ಫೋನ್ ಅಲಾರಂ ಇಡುತ್ತಿದ್ದಾಗ ಅವಳು ಎದ್ದುಬಿಡುತ್ತಿದ್ದಳು. ಅವಳನ್ನು ಮತ್ತೆ ಮಲಗಿಸುವಷ್ಟರಲ್ಲಿ ಓಟದ ಹೊತ್ತು ಮುಗಿದಿರುತ್ತಿತ್ತು.

ಆದರೆ ಈ ವಾಚಿನ ನಿಜವಾದ ಉಪಕಾರ ಬೇರೆ. ಇದು ನನಗೆ ನಿಧಾನವಾಗಿ ಓಡುವುದನ್ನು ಕಲಿಸಿತು. ಮುಂಚೆ ದಿನಾ ಏದುಸಿರು ಬಿಡುವ ಹಾಗೆ ಓಡುತ್ತಿದ್ದೆ. ಕಿಲೋಮೀಟರಿಗೆ 6 ನಿಮಿಷ 50 ಸೆಕೆಂಡ್, ಹಾರ್ಟ್ ರೇಟ್ ಅಂದರೆ ಹೃದಯದ ಬಡಿತ ನಿಮಿಷಕ್ಕೆ 170. ಮಧ್ಯಾಹ್ನ ಮೂರರ ಹೊತ್ತಿಗೆ ಕೌಂಟರಿನಲ್ಲಿ ಕಣ್ಣು ಎಳೆಯುತ್ತಿತ್ತು. ಎರಡು ವಾರ ಓಡುವುದು, ಸುಸ್ತಾಗಿ ಮೂರು ವಾರ ಬಿಡುವುದು. ಟೈಮ್ ಸಿಗುತ್ತಿಲ್ಲ ಅಂದುಕೊಂಡಿದ್ದೆ. ಟೈಮ್ ಇತ್ತು, ಮೈಯಲ್ಲಿ ಏನೂ ಉಳಿಯುತ್ತಿರಲಿಲ್ಲ ಅಷ್ಟೇ.

ಹಾರ್ಟ್ ರೇಟ್ 145 ದಾಟಿದರೆ ಎಚ್ಚರಿಸು ಅಂತ ಸೆಟ್ ಮಾಡಿದೆ. ಮೊದಲ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಚ್ ಎಷ್ಟು ಸಲ ನಡುಗಿತೋ ಲೆಕ್ಕವಿಲ್ಲ. ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ, 8:15ಕ್ಕೆ ಹೋಯಿತು. ವಾಕಿಂಗ್ ಮಾಡುವವರು ಹತ್ತಿರ ಹತ್ತಿರ ಜೊತೆಗೇ ಬರುತ್ತಿದ್ದರು. ಆದರೆ ಮನೆಗೆ ಬಂದು ದೋಸೆ ಹುಯ್ಯುವಾಗ ಕಾಲು ಹಗುರವಾಗಿತ್ತು. ಅತ್ತೆ ನೋಡಿ, "ಇವತ್ತು ಓಡಲಿಲ್ವೇನಮ್ಮ?" ಅಂದರು. ಎಂಟು ಕಿಲೋಮೀಟರ್ ಓಡಿದ್ದೆ! ಐದು ತಿಂಗಳು ಕಳೆದ ಮೇಲೆ ಅದೇ 145ರಲ್ಲಿ ಪೇಸ್ 7:20 ಆಯಿತು. ಅಲ್ಲಿಂದ ಈಚೆಗೆ ಸುಸ್ತಿಗೆ ಅಂತ ಓಟ ಬಿಟ್ಟಿಲ್ಲ.

ಇಲ್ಲೊಂದು ಮಾತು ಹೇಳಬೇಕು. 220ರಿಂದ ವಯಸ್ಸು ಕಳೆದರೆ ಸಿಗುವ ಗರಿಷ್ಠ ಹಾರ್ಟ್ ರೇಟ್ ಬರೀ ಅಂದಾಜು. ಆ ಲೆಕ್ಕದಲ್ಲಿ ನನ್ನ ಗರಿಷ್ಠ 182 ಆಗಬೇಕಿತ್ತು. 10 ಕಿಲೋಮೀಟರ್ ರೇಸ್ ಒಂದರ ಕೊನೆಯಲ್ಲಿ ಜೋರಾಗಿ ಓಡಿದಾಗ 191 ತೋರಿಸಿತು. ವಾಚಿನ ಅಂಕಿಯನ್ನೇ ನಂಬಬೇಡಿ. ಪಕ್ಕದವರ ಜೊತೆ ಎರಡು ಪೂರ್ತಿ ವಾಕ್ಯ ಏದುಸಿರಿಲ್ಲದೆ ಮಾತಾಡಲು ಆಗುತ್ತಾ ನೋಡಿ. ಆಗುತ್ತೆ ಅಂದರೆ ವೇಗ ಸರಿಯಿದೆ.

ಹಾರ್ಟ್ ರೇಟ್ ಸೆನ್ಸರ್ ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಓಟ ಅಳೆಯುತ್ತದೆ. ಪಟ್ಟಿ ಸಡಿಲವಾದರೆ ಸುಳ್ಳು ಲೆಕ್ಕ. ಎಡಗೈಯ ಬಳೆಗಳು ತಾಗಿ ವಾಚ್ ಅಲ್ಲಾಡುತ್ತಿತ್ತು, ಅದಕ್ಕೇ ಬಳೆಯೆಲ್ಲಾ ಬಲಗೈಗೆ ಹೋದವು. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಬೇಕು. ಡಿಸೆಂಬರ್ ಚಳಿಯಲ್ಲಿ ಮೊದಲ ಹತ್ತು ನಿಮಿಷದ ಅಂಕಿಗೆ ಅರ್ಥವೇ ಇಲ್ಲ.

ನಮ್ಮ ಊರಿನ ರಿಂಗ್ ರೋಡ್ ಒಂದು ಸುತ್ತು ಸುಮಾರು 42 ಕಿಲೋಮೀಟರ್. ಒಮ್ಮೆ ಸ್ಕೂಟರಿನಲ್ಲಿ ಪೂರ್ತಿ ಸುತ್ತಿ ಬಂದೆ. ಇಷ್ಟು ದೂರ ಕಾಲಲ್ಲಿ ಓಡಬೇಕಲ್ಲಾ ಅಂತ ಎದೆ ಝಲ್ಲೆಂದಿತು. ಆದರೂ 2025ರ ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ಸೆಪ್ಟೆಂಬರ್ ಮಧ್ಯದಿಂದ 18 ವಾರ, ವಾರಕ್ಕೆ ನಾಲ್ಕು ದಿನ ಓಟ.

ವಾಚಿನ ಆ್ಯಪ್ ನನಗೆ ಬೇಜಾರು ಮಾಡಿದ್ದೂ ಆಗಲೇ. ಅದಕ್ಕೆ ಬ್ಯಾಂಕಿನ ಡಿಸೆಂಬರ್ ಕ್ವಾರ್ಟರ್ ಕ್ಲೋಸಿಂಗ್ (ಮೂರು ತಿಂಗಳ ಲೆಕ್ಕ ಮುಗಿಸುವ ಕೆಲಸ) ಗೊತ್ತಿಲ್ಲ, ಮಗುವಿನ ಜ್ವರ ಗೊತ್ತಿಲ್ಲ. ಮಗಳಿಗೆ 102 ಡಿಗ್ರಿ ಇದ್ದ ವಾರ ನಾಲ್ಕು ದಿನ ಓಡಲಿಲ್ಲ. ಐದನೇ ದಿನ 20 ನಿಮಿಷ ಓಡಿ ಬಂದರೆ ಪರದೆ ಮೇಲೆ 'ಅನ್‌ಪ್ರೊಡಕ್ಟಿವ್', ಅಂದರೆ ಪ್ರಯೋಜನವಿಲ್ಲದ್ದು, ಅಂತ ಬಂತು. ರಾತ್ರಿಯೆಲ್ಲಾ ತಣ್ಣೀರು ಬಟ್ಟೆ ಹಾಕುತ್ತಾ ಕೂತವಳಿಗೆ ಆ ಪದ ತುಂಬಾ ನೋವು ಕೊಟ್ಟಿತು. ಅವತ್ತೇ ಆ ಪರದೆಯನ್ನು ತೆಗೆದುಹಾಕಿದೆ. ನಿಮಗೂ ಅದನ್ನೇ ಹೇಳುತ್ತೇನೆ. ತಪ್ಪಿಹೋದ ಓಟವನ್ನು ಮುಂದಿನ ವಾರಕ್ಕೆ ಸೇರಿಸಲು ಹೋಗಬೇಡಿ, ಸುಮ್ನೆ ಬಿಟ್ಟುಬಿಡಿ. ಭಾನುವಾರದ ಲಾಂಗ್ ರನ್ ಒಂದನ್ನು ಮಾತ್ರ ಕಾಪಾಡಿಕೊಳ್ಳಿ. ನನ್ನ 32 ಕಿಲೋಮೀಟರ್ ಓಟ ಕ್ಲೋಸಿಂಗ್‌ಗೆ ಮುಂಚಿನ ಭಾನುವಾರ ಮುಗಿಯಿತು. ಅದಾದ ಮೇಲೆ ದೂರ ಕಡಿಮೆ ಮಾಡುತ್ತಾ ಬಂದೆ.

ಮುಂಬೈಯಲ್ಲಿ ಸಿಎಸ್‌ಎಂಟಿ ರೈಲ್ವೆ ನಿಲ್ದಾಣದ ಹತ್ತಿರದಿಂದ ಕತ್ತಲಲ್ಲೇ ಹೊರಟೆವು. ವಾಚಿನ ಕಿಲೋಮೀಟರ್ ರಸ್ತೆಯ ಬೋರ್ಡಿಗಿಂತ ಮುಂಚೆಯೇ ಬೀಪ್ ಆಗುತ್ತಿತ್ತು. ಕೊನೆಗೆ 42.8 ತೋರಿಸಿತು. ಮ್ಯಾರಥಾನ್ ದಾರಿಯನ್ನು ಅತಿ ಹತ್ತಿರದ ಗೆರೆಯಲ್ಲಿ ಅಳೆದಿರುತ್ತಾರೆ, ನಾವು ಜನರ ನಡುವೆ ಆ ಕಡೆ ಈ ಕಡೆ ಹೋಗುತ್ತೇವೆ, ಜೊತೆಗೆ ಎತ್ತರದ ಕಟ್ಟಡಗಳ ಮಧ್ಯೆ ಜಿಪಿಎಸ್ ಸ್ವಲ್ಪ ತಪ್ಪುತ್ತದೆ. ವಾಪಸ್ ಬರುವಾಗ, 35ನೇ ಕಿಲೋಮೀಟರಿನ ಆಚೀಚೆ, ಪೆಡ್ಡರ್ ರೋಡ್ ಏರು. ಹಾರ್ಟ್ ರೇಟ್ 168ಕ್ಕೆ ಹೋಯಿತು. ಹಿಂದೆ ಮುಂದೆ ನೋಡದೆ ನಡೆದೇ ಹತ್ತಿದೆ. ಇಳಿಜಾರಿನಲ್ಲಿ 150ಕ್ಕೆ ಬಂದ ಮೇಲೆ ಮತ್ತೆ ಓಡಿದೆ. 5 ಗಂಟೆ 24 ನಿಮಿಷ. ಗೆರೆ ದಾಟಿ ಬಟನ್ ಒತ್ತುವಾಗ ಬೆರಳು ನಡುಗುತ್ತಿತ್ತು.

ಮೂರು ವರ್ಷದ ಸವೆತದ ಬಗ್ಗೆ: ಹೊಸದರಲ್ಲಿ ಒಂದು ಚಾರ್ಜ್ ಒಂಬತ್ತು ದಿನ ಬರುತ್ತಿತ್ತು, ಈಗ ಐದು. ಆದರೂ ಲಾಂಗ್ ರನ್‌ಗೆ ಧಾರಾಳ ಸಾಕು. ಪಟ್ಟಿ ಒಂದೂಕಾಲು ವರ್ಷಕ್ಕೆ ಕಿತ್ತುಹೋಯಿತು, ಬೇರೆ ಹಾಕಿಸಿದೆ. ಬೆವರಿಗೆ ಚರ್ಮ ಕೆಂಪಾಗುತ್ತಿತ್ತು. ಓಡಿ ಬಂದ ತಕ್ಷಣ ಪಟ್ಟಿ ತೊಳೆದು ಒಣಗಿಸಲು ಶುರುಮಾಡಿದ ಮೇಲೆ ಆ ತೊಂದರೆ ಇಲ್ಲ.

ಇದಕ್ಕಿಂತ ದುಬಾರಿ ಮಾಡೆಲ್ ನನ್ನಂಥವರಿಗೆ ಬೇಕಿಲ್ಲ. ಬಟನ್ ಇರುವುದನ್ನೇ ತಗೊಳ್ಳಿ, ಬೆವರಿದ ಕೈಗೆ ಟಚ್ ಸ್ಕ್ರೀನ್ ಕೇಳುವುದಿಲ್ಲ. ಇದರ ಚಾರ್ಜಿಂಗ್ ಕೇಬಲ್ ಬೇರೆಯದೇ ಥರ. ನನ್ನದು ಕಳೆದಾಗ ಹೊಸದು ಬರಲು ಹನ್ನೊಂದು ದಿನ ಹಿಡಿಯಿತು. ವಾಚಿನ ಜೊತೆಗೇ ಇನ್ನೊಂದು ಕೇಬಲ್ ತರಿಸಿಟ್ಟುಕೊಳ್ಳಿ.