ಮೊದಲ ಆರ್‌ಸಿ ವಿಮಾನ: ಪುಟಾಣಿಯೋ, ಏರೋಸ್ಕೌಟೋ, ಅಪ್ರೆಂಟಿಸೋ?

ಒಂದೇ ಮೈದಾನದಲ್ಲಿ ಮೂರು ಆರ್‌ಸಿ, ಅಂದರೆ ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನ ಹಾರಿಸಿ ನೋಡಿದ್ದೇನೆ. 60 ಸೆಂ.ಮೀ. ರೆಕ್ಕೆಯ ಒಂದು ಪುಟಾಣಿ, ಪ್ರೊಪೆಲ್ಲರ್ ಹಿಂದಿರುವ 1.1 ಮೀಟರಿನ ಏರೋಸ್ಕೌಟ್, ಮೂಗಿನಲ್ಲೇ ಪ್ರೊಪೆಲ್ಲರ್ ಇರುವ 1.5 ಮೀಟರಿನ ಅಪ್ರೆಂಟಿಸ್. ಮೂರೂ ಫೋಮಿನವು, ಮೂರಕ್ಕೂ ರೆಕ್ಕೆ ಮೇಲ್ಗಡೆ, ಮೂರರಲ್ಲೂ ಅಲುಗಾಟ ಗುರುತಿಸಿ ವಿಮಾನವನ್ನು ಸ್ಥಿರವಾಗಿಡುವ ಗೈರೋ ಇದೆ. ಬಾಲ್ಸಾ ಮರದ್ದನ್ನು ಲೆಕ್ಕಕ್ಕೇ ತಗೊಂಡಿಲ್ಲ. ನೋಡೋಕೆ ಚೆಂದ, ಆದರೆ ಕಲಿಯುವವರು ಬೀಳಿಸದೇ ಇರ್ತಾರಾ?

ಪುಟಾಣಿ ತೀರಾ ಹಗುರ, ಬಿದ್ದರೂ ಸಾಮಾನ್ಯವಾಗಿ ಏನೂ ಆಗಲ್ಲ. ಆದರೆ ಚೂರು ಗಾಳಿ ಬೀಸಿದರೂ ಹಾರಿಸೋದು ಅದು, ನಾವಲ್ಲ. ಸ್ವಲ್ಪ ದೂರ ಹೋದರೆ ಬರ್ತಿದೆಯೋ ಹೋಗ್ತಿದೆಯೋ ಗೊತ್ತಾಗಲ್ಲ.

ಕಣ್ಣಿಗೆ ಕಾಣೋದರಲ್ಲಿ ಅಪ್ರೆಂಟಿಸ್‌ಗೆ ಸಾಟಿಯಿಲ್ಲ. ಇದು ಸಣ್ಣ ವಿಷಯ ಅಲ್ಲ. ವಿಮಾನ ನಮ್ಮ ಕಡೆಗೇ ಬರುವಾಗ ಎಡ ಬಲ ಉಲ್ಟಾ ಆಗುತ್ತೆ, ಹೊಸಬರು ಕಂಗಾಲಾಗೋದು ಅಲ್ಲೇ. ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಆ ಕಡೆಗೇ ರಿಮೋಟಿನ ಸ್ಟಿಕ್ ತಳ್ಳಿದರೆ ಮಟ್ಟಕ್ಕೆ ಬರುತ್ತೆ. ಆದರೆ ಬಾಗಿರೋದು ಕಾಣಬೇಕಲ್ಲ! ದೊಡ್ಡ ರೆಕ್ಕೆಯಲ್ಲಿ ಕಾಣುತ್ತೆ. ಗಾಳಿಗೂ ಇದು ಅಷ್ಟು ಅಲುಗಾಡಲ್ಲ. ಕಷ್ಟ ಇರೋದು ನೆಲದ ಹತ್ತಿರ. ಮೂಗು ಕುಟ್ಟಿದರೆ ಮೊದಲು ಹೋಗೋದು ಪ್ರೊಪೆಲ್ಲರ್, ಕೆಲವೊಮ್ಮೆ ಮೋಟಾರಿನ ಶಾಫ್ಟೂ ಬಾಗುತ್ತೆ. ಮುಂಭಾಗದಲ್ಲಿ ಪ್ರೊಪೆಲ್ಲರ್ ಇರುವ ಯಾವ ವಿಮಾನಕ್ಕೂ ಇದು ತಪ್ಪಿದ್ದಲ್ಲ.

ಏರೋಸ್ಕೌಟ್‌ನಲ್ಲಿ ಪ್ರೊಪೆಲ್ಲರ್ ರೆಕ್ಕೆಯ ಹಿಂದೆ, ಎತ್ತರದಲ್ಲಿದೆ. ಮೂಗು ನೆಲಕ್ಕೆ ತಾಗಿದರೆ ಫೋಮ್ ಜಜ್ಜುತ್ತೆ, ಅಷ್ಟೇ. ಫೋಮಿಗೆ ಆಗುವ ಅಂಟು ಹಚ್ಚಿ ಮತ್ತೆ ಹಾರಿಸಬಹುದು. ಆದರೆ ಒಂದು ಚಾಳಿ ಇದೆ: ತಳ್ಳುವ ಬಲ ಮೇಲಿನಿಂದ ಬರುವುದರಿಂದ ಥ್ರಾಟಲ್ (ಮೋಟಾರಿನ ವೇಗ) ಒಮ್ಮೆಲೇ ಏರಿಸಿದರೆ ಮೂಗು ತಗ್ಗುತ್ತೆ. ಇಳಿಯೋಕೆ ಬಂದವರು ಗಾಬರಿಯಾಗಿ ಥ್ರಾಟಲ್ ಕೊಟ್ಟಾಗ ಇದು ಕಾಡುತ್ತೆ. ನಿಧಾನಕ್ಕೆ ಏರಿಸಿ, ಜೊತೆಗೆ ಮೂಗು ಎತ್ತುವ ಎಲಿವೇಟರ್ ಸ್ಟಿಕ್ ಸ್ವಲ್ಪ ಎಳೆಯಿರಿ.

ಏರೋಸ್ಕೌಟ್, ಅಪ್ರೆಂಟಿಸ್ ಎರಡರಲ್ಲೂ ಹೊಸಬರ ಮೋಡ್ ಇದೆ, ಸ್ಟಿಕ್ ಬಿಟ್ಟರೆ ವಿಮಾನ ತಾನೇ ಸಮ ಆಗುತ್ತೆ. ಆರಾಮ, ಅಲ್ವಾ? ಆದರೆ ಅದರಲ್ಲೇ ಜಾಸ್ತಿ ದಿನ ಇರಬೇಡಿ. ಆ ಮೋಡ್‌ನಲ್ಲಿ ತಿರುವು ಮುಗಿಯುವವರೆಗೂ ಸ್ಟಿಕ್ ಹಿಡಿದೇ ಇರಬೇಕು. ಈ ಸಹಾಯ ಪೂರ್ತಿ ತೆಗೆದರೆ ಬಾಗಿಸಿ ಸ್ಟಿಕ್ ಬಿಡಬೇಕು, ಸರಿ ಮಾಡೋಕೆ ಎದುರು ದಿಕ್ಕಿಗೆ ತಳ್ಳಬೇಕು. ಹಳೇ ಅಭ್ಯಾಸದಲ್ಲಿ ಹಿಡಿದೇ ಇದ್ದರೆ ವಿಮಾನ ಬಾಗುತ್ತಲೇ ಹೋಗಿ ಪಲ್ಟಿ ಹೊಡೆಯುತ್ತೆ. ಸಹಾಯ ಕಡಿಮೆ ಇರುವ ನಡುವಿನ ಮೋಡ್‌ಗೆ ಬೇಗ ಬನ್ನಿ.

ಏರೋಸ್ಕೌಟ್, ಅಪ್ರೆಂಟಿಸ್ ಬ್ಯಾಟರಿಯ ಬಗೆ ಒಂದೇ, ಸಾಮರ್ಥ್ಯ ಬೇರೆ. ಎರಡಕ್ಕೂ 3ಎಸ್ ಲಿಪೋ (ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ): ಏರೋಸ್ಕೌಟ್‌ಗೆ 2200, ಅಪ್ರೆಂಟಿಸ್‌ಗೆ 3200 ಎಂಎಎಚ್. ಟೈಮರ್ ಇಟ್ಟುಕೊಳ್ಳಿ, ಬ್ಯಾಟರಿ ಪೂರ್ತಿ ಖಾಲಿ ಮಾಡಬೇಡಿ.

ಹೇಳಿಕೊಡುವವರು ಜೊತೆಗಿದ್ದು, ನುಣ್ಣಗಿನ ರನ್‌ವೇ ಇದ್ದರೆ ಅಪ್ರೆಂಟಿಸ್ ತಗೊಳ್ಳಿ. ಒಬ್ಬರೇ ಕಲಿಯುವವರಾದರೆ, ಮೈದಾನದಲ್ಲಿ ಹುಲ್ಲೂ ಉಬ್ಬುತಗ್ಗೂ ಇದ್ದರೆ, ಕಣ್ಣು ಮುಚ್ಚಿ ಏರೋಸ್ಕೌಟ್. ಪುಟಾಣಿ ಎರಡನೇ ವಿಮಾನವಾಗಿ ಮಜಾ ಕೊಡುತ್ತೆ. ಯಾವುದನ್ನೇ ತಗೊಂಡರೂ ಪ್ರೊಪೆಲ್ಲರ್ ಒಂದೆರಡು ಜಾಸ್ತಿಯೇ ತರಿಸಿ.