ಗುಪ್ತಾಂಗದ ಗುಳ್ಳೆಗೆ ತುರಿಕೆ ಟ್ಯೂಬ್ ಹಚ್ಚಿ ಹರ್ಪಿಸ್ ಕೆದಕಬೇಡಿ

ಗುಪ್ತಾಂಗದ ಹತ್ತಿರ ಗುಳ್ಳೆ ಎದ್ದರೆ ನಮ್ಮಲ್ಲಿ ಮೊದಲು ಬರುವ ಮಾತು "ಉಷ್ಣ ಆಗಿದೆ". ಎರಡು ದಿನ ಎಳನೀರು, ಮಜ್ಜಿಗೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ತಗ್ಗಿದ ದನಿಯಲ್ಲಿ "ತುರಿಕೆಗೆ ಏನಾದ್ರೂ ಕೊಡಿ". ಕೈಗೆ ಸಿಗುವ ಟ್ಯೂಬಿನಲ್ಲಿ ಸಾಮಾನ್ಯವಾಗಿ ಮೂರು ಔಷಧಿ ಬೆರೆತಿರುತ್ತವೆ: ಫಂಗಸ್‌ಗೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೊಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಎಂಬ ಸ್ಟಿರಾಯ್ಡ್. ಆದರೆ ಗುಳ್ಳೆ ಹರ್ಪಿಸ್‌ನದಾಗಿದ್ದರೆ, ಅದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಸೋಂಕು. ವೈರಸ್‌ಗೆ ಆ ಟ್ಯೂಬಿನಲ್ಲಿ ಏನೂ ಇಲ್ಲ.

ಹೀಗೆ ಹಚ್ಚಿಕೊಂಡ ಯುವಕನೊಬ್ಬನಿಗೆ ಮೊದಲೆರಡು ದಿನ ಕೆಂಪು ಇಳಿಯಿತು, ತುರಿಕೆ ಕಮ್ಮಿಯಾಯಿತು. ವಾಸಿಯಾಗುತ್ತಿದೆ ಎಂದು ಇನ್ನಷ್ಟು ಬಳಿದ. ಸ್ಟಿರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಅಡಗಿಸುತ್ತದೆ. ಹಾಗಾಗಿ ಮೇಲೆ ಶಾಂತವಾಗಿ ಕಂಡರೂ ಒಳಗೆ ವೈರಸ್ ಬೆಳೆಯುತ್ತಲೇ ಇತ್ತು. ವಾರದೊಳಗೆ ಗುಳ್ಳೆಗಳೆಲ್ಲ ಒಡೆದು ಒಂದಕ್ಕೊಂದು ಕೂಡಿಕೊಂಡು ಹುಣ್ಣಾದವು, ಜ್ವರ ಬಂತು, ತೊಡೆಸಂದಿನ ಎರಡೂ ಕಡೆ ಗಡ್ಡೆ ಊದಿತು, ಮೂತ್ರ ತಾಗಿದರೆ ಪ್ರಾಣ ಹೋಗುವಷ್ಟು ಉರಿ. ಆ ಹೆದರಿಕೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಅದರಿಂದ ಮೂತ್ರ ಗಾಢವಾಗಿ ಉರಿ ಇನ್ನೂ ಹೆಚ್ಚಿತು.

ಹರ್ಪಿಸ್‌ನ ಗುರುತು ತಿಳಿದಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ. ಸೋಂಕು ತಗುಲಿದ 2ರಿಂದ 12 ದಿನಗಳಲ್ಲಿ ಮೊದಲ ಸಲ ಕಾಣಿಸಿಕೊಳ್ಳಬಹುದು. ಹಲವರಿಗೆ ಗುಳ್ಳೆ ಏಳುವ ಮೊದಲೇ ಆ ಜಾಗದಲ್ಲಿ ಚುಮುಚುಮು, ಉರಿ, ಕುಂಡೆಯಿಂದ ಕಾಲಿಗೆ ಇಳಿಯುವ ಸೆಳೆತ ಇರುತ್ತದೆ. ಆಮೇಲೆ ಕೆಂಪಾದ ಚರ್ಮದ ಮೇಲೆ ಸಾಸಿವೆ ಕಾಳಿನಂತೆ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಒಡೆದಾಗ ಆಳವಿಲ್ಲದ, ಮುಟ್ಟಿದರೆ ನೋಯುವ ಹುಣ್ಣು. ಕೊನೆಗೆ ಹಕ್ಕಳೆ ಕಟ್ಟಿ ಉದುರಲು ಮೊದಲ ಸಲ 2ರಿಂದ 4 ವಾರ ಬೇಕು. ಒಂದೇ ಒಂದು ಗಟ್ಟಿ ಹುಣ್ಣು, ನೋವೇ ಇಲ್ಲ ಎಂದರೆ ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ರೋಗ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಸೊಂಟದ ಒಂದೇ ಪಕ್ಕಕ್ಕೆ ಪಟ್ಟಿಯಂತೆ ಗುಳ್ಳೆ ಎದ್ದರೆ ಸರ್ಪಸುತ್ತು. ಅದು ಸಿತಾಳೆ ಸಿಡುಬಿನ ವೈರಸ್, ಲೈಂಗಿಕ ರೋಗವಲ್ಲ.

ಗುಳ್ಳೆ ಹಸಿಯಾಗಿದ್ದಾಗಲೇ ಚರ್ಮರೋಗ ವೈದ್ಯರಿಗೆ ತೋರಿಸಿ. ಹುಣ್ಣಿನ ಬುಡವನ್ನು ಹತ್ತಿಕಡ್ಡಿಯಿಂದ ಒರೆಸಿ (ಸ್ವಾಬ್) ವೈರಸ್ ಗುರುತಿಸುವ ಪಿಸಿಆರ್ ಪರೀಕ್ಷೆ ಮಾಡಿದರೆ ಖಚಿತವಾಗುತ್ತದೆ, ಒಣಗಿದ ಮೇಲೆ ವೈರಸ್ ಸಿಗುವುದು ಕಷ್ಟ. ಲ್ಯಾಬಿನವರು ಹೇಳುವ ಐಜಿಎಂ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ, ಅದನ್ನು ನಂಬಿ ಏನೂ ತೀರ್ಮಾನಿಸಲಾಗದು. ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಔಷಧಿ ನುಂಗುವ ಮಾತ್ರೆ, ಹಚ್ಚುವ ಮುಲಾಮಲ್ಲ. ಮೊದಲ ಸಲಕ್ಕೆ ಸಾಮಾನ್ಯವಾಗಿ ಅಸೈಕ್ಲೊವಿರ್ 400 ಮಿ.ಗ್ರಾಂ., ದಿನಕ್ಕೆ ಮೂರು ಸಲ, 7ರಿಂದ 10 ದಿನ. ಮೂರು ದಿನದೊಳಗೆ ಶುರುವಾದರೆ ಫಲ ಹೆಚ್ಚು. ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ, ಆದ್ದರಿಂದ ಚೀಟಿ ಇಲ್ಲದೆ ಕೊಳ್ಳಬೇಡಿ. ನೀರು ಚೆನ್ನಾಗಿ ಕುಡಿಯಿರಿ. ಮೂತ್ರ ಮಾಡುವಾಗ ಉಗುರುಬೆಚ್ಚಗಿನ ನೀರು ಸುರಿದುಕೊಂಡರೆ ಉರಿ ತಗ್ಗುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಲೈಂಗಿಕ ರೋಗಗಳಿಗೆಂದೇ ಜಿಲ್ಲಾಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಚಿತ. ಕೇಳಲು ಮುಜುಗರವಾದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಮಾತ್ರೆ ವೈರಸ್ಸನ್ನು ದೇಹದಿಂದ ಓಡಿಸುವುದಿಲ್ಲ. ಅದು ನರಗಳ ಗಂಟಿನಲ್ಲಿ ಅಡಗಿದ್ದು ಮತ್ತೆ ಏಳಬಹುದು, ಆದರೆ ಮುಂದಿನ ಸಲಗಳು ಹೆಚ್ಚಾಗಿ ಸಣ್ಣವು. ವರ್ಷಗಟ್ಟಲೆ ಸುಮ್ಮನಿದ್ದು ಮೊದಲ ಸಲ ಈಗ ಎದ್ದಿರಲೂಬಹುದು. ಆದ್ದರಿಂದ ಗುಳ್ಳೆ ಕಂಡ ಮಾತ್ರಕ್ಕೆ ಗಂಡ ಅಥವಾ ಹೆಂಡತಿಯ ಮೇಲೆ ಸಂಶಯ ಪಡಬೇಡಿ. ಈ ಒಂದು ವಿಷಯಕ್ಕೆ ಮುರಿದ ಮನೆಗಳಿವೆ. ತುಟಿಯಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಮುಖಮೈಥುನದಿಂದ ಕೆಳಗೂ ಹರಡುತ್ತದೆ. ಚುಮುಚುಮು ಶುರುವಾದ ಗಳಿಗೆಯಿಂದ ಹಕ್ಕಳೆ ಉದುರುವವರೆಗೆ ಸಂಭೋಗ ಬೇಡ. ಉಳಿದ ದಿನಗಳಲ್ಲಿ ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಗರ್ಭಿಣಿಯರು ಹಳೆಯ ಹರ್ಪಿಸ್ ಇದ್ದರೂ ಹೆರಿಗೆ ವೈದ್ಯರಿಗೆ ಹೇಳಲೇಬೇಕು: ಹೆರಿಗೆ ನೋವು ಶುರುವಾದಾಗ ಹುಣ್ಣಿದ್ದರೆ ಮಗುವಿಗೆ ತಗುಲದಂತೆ ಸಿಸೇರಿಯನ್ ಮಾಡುತ್ತಾರೆ.