ಕಲಬುರಗಿಯ ಜಪಸರದ ಅಂಗಡಿ: ಐದಕ್ಕ ನಾಕು ಸ್ಟಾರ್

ನಾವು ಬೀದರಿನ ಮೆಥಡಿಸ್ಟ್ ಮಂದಿ, ಅಂದ್ರ ಒಂದು ಪ್ರೊಟೆಸ್ಟಂಟ್ ಪಂಗಡದವರು. ಮಗನಿಗೆ ಕಲಬುರಗಿಯ ಕ್ಯಾಥೊಲಿಕ್ ಮನಿ ಹುಡುಗಿ ಗೊತ್ತಾಗ್ಯಾಳ. ಸೊಸಿಗೆ ಒಂದು ಜಪಸರ (ಕ್ಯಾಥೊಲಿಕ್ಕರು ಪ್ರಾರ್ಥನೆ ಎಣಿಸೋ ಮಣಿಸರ) ಕೊಡೋಣಂತ ಚರ್ಚಿನ ಬಾಜೂಕಿನ ಈ ಸಣ್ಣ ಅಂಗಡಿಗೆ ಹೋದೆ.

ಬೈಬಲ್ ಕೇಳಿದ್ರ ಮಾಲೀಕರು ಮೊದಲ "66 ಪುಸ್ತಕದ್ದೋ, 73ರದ್ದೋ?" ಅಂತಾರ. ಕ್ಯಾಥೊಲಿಕ್ ಬೈಬಲಿನಾಗ 73 ಪುಸ್ತಕ, ನಮ್ಮದರಾಗ 66. 66 ಅಂದೆ, ಪ್ರೊಟೆಸ್ಟಂಟ್ ಅಂತ ಅಲ್ಲೇ ಗುರುತು ಹಿಡಿದ್ರು.

ಮರದ ಜಪಸರ 150 ರೂಪಾಯಿ. ಪ್ಲಾಸ್ಟಿಕ್ಕಿಂದು ಅಗ್ಗ, ಆದ್ರ ಕೊಂಡಿ ಸಡಿಲ, ತಗೋಬ್ಯಾಡ್ರಿ. ನಾ ಆರಿಸಿದ್ದರಾಗ ಹತ್ತು ಮಣಿ ಇರೋ ಕಡೆ ಒಂಬತ್ತೇ ಇದ್ದವು. ನನಗೇನು ತಿಳೀತಿತ್ತು? ಮಾಲೀಕರೇ ಎಣಿಸಿ ಬದಲು ಮಾಡಿಕೊಟ್ರು: ಯೇಸುವಿನ ತಾಯಿ ಮರಿಯಮ್ಮಗ ಹೇಳೋ 'ನಮೋ ಮರಿಯಾ' ಪ್ರಾರ್ಥನೆಗೆ 53, 'ಪರಲೋಕದ ತಂದೆ' ಪ್ರಾರ್ಥನೆಗೆ 6, ಒಟ್ಟು 59 ಇರಬೇಕಂತ.

ಮನಸ್ಸಿನಾಗಿದ್ದದ್ದು ಕೇಳೇಬಿಟ್ಟೆ. ಬೈಬಲಿನಾಗ ತಿಮೊಥೆಯನಿಗೆ ಬರೆದ ಮೊದಲನೇ ಪತ್ರದಾಗ ಮಧ್ಯಸ್ಥ ಒಬ್ಬನೇ, ಯೇಸು ಅಂತ ಅದ, ಮತ್ತ ಮರಿಯಮ್ಮಗ ಯಾಕ ಪ್ರಾರ್ಥನೆ?

"ಆರಾಧನೆ ದೇವರಿಗೇ ರೀ. ಅಮ್ಮನವರಿಗೆ ನಮ್ಮ ಸಲುವಾಗಿ ಬೇಡಿಕೋರಿ ಅಂತೀವಿ. ಜ್ವರ ಬಂದ್ರ ನೀವು ಪಾಸ್ಟರಿಗೆ ಫೋನ್ ಹಚ್ಚಂಗಿಲ್ಲೇನು?"

"ಪಾಸ್ಟರು ಬದುಕ್ಯಾರಲ್ರಿ."

"ಅಮ್ಮನವರೂ ಬದುಕ್ಯಾರ ಅಂತೀವಿ ನಾವು, ದೇವರ ಹತ್ತಿರ."

ಜಗಳದ ಗಂಟು ಇಲ್ಲೇ ಅದ. ಸತ್ತ ಭಕ್ತರು ನಮ್ಮ ಮಾತು ಕೇಳ್ತಾರೋ ಇಲ್ಲೋ ಅನ್ನೋದ್ರ ಮ್ಯಾಲೆ ಉಳಿದದ್ದೆಲ್ಲ ನಿಂತದ. 'ಕನ್ಯೆ ಮರಿಯಳಲ್ಲಿ ಹುಟ್ಟಿದ' ಅಂತ ನಾವೂ ನಂಬಿಕೆಯ ಪ್ರಮಾಣದಾಗ ಹೇಳ್ತೀವಿ. 431ರಾಗ ಎಫೆಸ ಊರಿನಾಗ ಕೂಡಿದ ಬಿಷಪ್ಪರ ಸಭೆ ಆಕೀನ್ನ ದೇವಮಾತೆ ಅಂದದ್ದಕ್ಕ ಪ್ರೊಟೆಸ್ಟಂಟ್ ಸುಧಾರಣೆ ಸುರು ಮಾಡಿದ ಲೂಥರನೂ ಒಪ್ಪಿದ್ದ. ನಾ ಒಪ್ಪಂಗಿಲ್ಲದ್ದು 1854 ಮತ್ತು 1950ರಾಗ ಪೋಪರು ಸಾರಿದ್ದು: ಆಕಿ ತಾಯಿ ಗರ್ಭದಾಗ ಮೂಡಿದಾಗಿಂದನೇ ಜನ್ಮಪಾಪ ಇಲ್ಲದಾಕಿ, ದೇಹಸಮೇತ ಸ್ವರ್ಗಕ್ಕ ಹೋದಳು ಅನ್ನೋದು. ಬೈಬಲಿನಾಗ ನನಗ ಸಿಗಲಿಲ್ಲ. ಹಂಗಂತ ಕಾನಾ ಊರಿನ ಮದುವ್ಯಾಗ ದ್ರಾಕ್ಷಾರಸ ತೀರಿದ್ದನ್ನ ಯೇಸುವಿಗೆ ಹೇಳಿದಾಕಿ ಆತನ ತಾಯಿನೇ, ಅದನ್ನ ನಮ್ಮ ಪ್ರಸಂಗದಾಗ ಒಂದೇ ಸಾಲಿನಾಗ ದಾಟಿಸಿಬಿಡ್ತಾರ. ಅದು ಸರಿ ಅಲ್ಲ.

ವ್ಯಾಪಾರದ ವಿಷಯ: ಆರೋಗ್ಯ ಮಾತೆಯ (ಮರಿಯಮ್ಮಂದೇ ಇನ್ನೊಂದು ಹೆಸರು) ಮೂರ್ತಿಗಳ ಬಣ್ಣ ಉಗುರಿಗೆ ಬರ್ತದ, ರೇಟು ಜಾಸ್ತಿ. ಒಂದು ಸ್ಟಾರ್ ಅದಕ್ಕೇ ಕಡಿಮಿ. ಪ್ಯಾಕಿಂಗ್ ಮಾತ್ರ ಗಟ್ಟಿ, ಹುಮನಾಬಾದ್ ದಾರಿಯ ಬಸ್ಸಿನ ಕುಲುಕಾಟಕ್ಕೂ ಡಬ್ಬಿ ಬಿಚ್ಚಲಿಲ್ಲ. ಫೋನ್‌ಪೇ ನಡೀತದ. ಭಾನುವಾರ ಪೂಜೆ ಮುಗಿಯೋ ಹೊತ್ತಿಗೆ ಹೋಗಬ್ಯಾಡ್ರಿ, ಕಾಲಿಡಾಕ ಜಾಗ ಇರಂಗಿಲ್ಲ.